ಗೌಡರ ಗೋದಾಮಿಗೆ ಒಯ್ದ ವರದಿ

ಕಾಫಿ ಹೊಟ್ಟಿನ ಬೂದಿ ಕಾಂಕ್ರೀಟಿಗೆ ಒಗ್ಗುವುದಿಲ್ಲ ಎಂಬ ವರದಿಯನ್ನು ಅಂಚೆಯಲ್ಲಿ ಕಳಿಸಿಬಿಡಬಹುದಿತ್ತು. ಆದರೆ ಅದನ್ನು ಕೇಳಿದವರು ಚಿಕ್ಕಮಗಳೂರಿನಲ್ಲಿ ಕ್ಯೂರಿಂಗ್ ವರ್ಕ್ಸ್, ಅಂದರೆ ಕಾಫಿಯ ಹೊಟ್ಟು ಬಿಡಿಸಿ ಬೀಜ ಹಸನು ಮಾಡುವ ಕಾರ್ಖಾನೆ, ನಡೆಸುವ ಹಿರಿಯರಾದ ಗೌಡರು. ತಮ್ಮ ಲಾರಿಯಲ್ಲೇ ಬೂದಿಯ ಚೀಲಗಳನ್ನು ಹಾಸನಕ್ಕೆ ಕಳಿಸಿಕೊಟ್ಟು, ತಿಂಗಳುಗಟ್ಟಲೆ ಕಾದವರು. ಅಂಥವರಿಗೆ ಎದುರು ಕೂತೇ ಹೇಳಬೇಕೆಂದು ಮಾರ್ಚ್ ತಿಂಗಳ ಒಂದು ಶನಿವಾರ ನಾನೂ ನನ್ನ ಸಂಶೋಧನಾ ವಿದ್ಯಾರ್ಥಿನಿಯೂ ಬೇಲೂರು ಮಾರ್ಗದ ಬಸ್ ಹತ್ತಿದೆವು.

ನಾನು ಹಾಸನದ ಒಂದು ಎಂಜಿನಿಯರಿಂಗ್ ಕಾಲೇಜಿನ ಸಿವಿಲ್ ವಿಭಾಗದಲ್ಲಿ ಪಾಠ ಮಾಡುತ್ತೇನೆ; ಸಂಶೋಧನೆ ಕಟ್ಟಡ ಸಾಮಗ್ರಿಗಳ ಮೇಲೆ. ಈ ಕಡೆಗೆ ನನ್ನನ್ನು ಎಳೆದದ್ದು ಅಜ್ಜಿಯ ಮನೆಯ ಅಸ್ತ್ರ ಒಲೆ. ಕಣ್ಣುರಿಯಿಲ್ಲದೆ ಅಡುಗೆ ಮಾಡಿಕೊಟ್ಟ ಆ ಒಲೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಹಳ್ಳಿಗಳಿಗೆ ಒದಗುವ ತಂತ್ರಜ್ಞಾನಕ್ಕೆಂದು ಶುರು ಮಾಡಿದ 'ಅಸ್ತ್ರ' ಕೇಂದ್ರದ ಕೆಲಸ ಎಂದು ಗೊತ್ತಾದದ್ದು ಕಾಲೇಜಿಗೆ ಬಂದ ಮೇಲೆ. ವಿಜ್ಞಾನಿಗಳು ಒಲೆಯ ಬಾಯಿ ಎಷ್ಟು ಅಗಲವಿರಬೇಕೆಂದು ಕೂತು ಲೆಕ್ಕ ಹಾಕಿದ್ದರು ಎಂಬ ಸಂಗತಿ ನನಗೆ ಇವತ್ತಿಗೂ ರೋಮಾಂಚನ ತರುತ್ತದೆ.

ಗೌಡರು ಬೂದಿ ಕಳಿಸಿದ್ದಕ್ಕೂ ಕಾರಣವಿತ್ತು. ಭತ್ತದ ಹೊಟ್ಟಿನ ಬೂದಿಯನ್ನು ಸಿಮೆಂಟಿಗೆ ಬೆರೆಸುತ್ತಾರೆಂದು ಅವರು ಎಲ್ಲೋ ಓದಿದ್ದರು. ಅದು ನಿಜವೇ. ಹದವಾದ ಕಾವಿನಲ್ಲಿ ಸುಟ್ಟ ಭತ್ತದ ಹೊಟ್ಟಿನ ಬೂದಿಯಲ್ಲಿ ಹೆಚ್ಚುಕಡಿಮೆ ನೂರಕ್ಕೆ 85ರಿಂದ 90 ಪಾಲು ಸಿಲಿಕಾ ಇರುತ್ತದೆ. ಸಿಮೆಂಟು ನೀರು ಕುಡಿದು ಗಟ್ಟಿಯಾಗುವಾಗ ಬಿಡುವ ಸುಣ್ಣವನ್ನು ಆ ಸಿಲಿಕಾ ಹಿಡಿದುಕೊಂಡು ಮತ್ತಷ್ಟು ಅಂಟನ್ನು ಕಟ್ಟುತ್ತದೆ. ಅಷ್ಟು ಸಿಮೆಂಟು ಉಳಿದರೆ ಲಾಭ ದುಡ್ಡಿನದಷ್ಟೇ ಅಲ್ಲ. ಸುಣ್ಣಕಲ್ಲನ್ನು ಸುಮಾರು 1450 ಡಿಗ್ರಿ ಕಾವಿನಲ್ಲಿ ಸುಟ್ಟು, ಸಿಮೆಂಟಿನ ಮೂಲವಾದ ಕ್ಲಿಂಕರ್ ಎಂಬ ಗಟ್ಟಿ ಮಾಡುವಾಗ, ಶುದ್ಧ ಕಲ್ಲಾದರೆ ಪ್ರತಿ 100 ಕಿಲೋದಿಂದ 44 ಕಿಲೋ ಇಂಗಾಲದ ಡೈಆಕ್ಸೈಡ್ ಆಕಾಶಕ್ಕೆ ಹೋಗುತ್ತದೆ. ಸುಡಲು ಬಳಸಿದ ಕಲ್ಲಿದ್ದಲ ಹೊಗೆ ಅದರ ಮೇಲೆ. ಕ್ಲಿಂಕರ್ ಕಡಿಮೆ ಮಾಡುವುದು ನಮ್ಮಂಥವರ ಪಾಲಿನ ದೊಡ್ಡ ಕೆಲಸ. ಭತ್ತದ ಹೊಟ್ಟಿಗೆ ಆದದ್ದು ಕಾಫಿ ಹೊಟ್ಟಿಗೆ ಏಕಾಗಬಾರದು ಎಂಬುದು ಗೌಡರ ಪ್ರಶ್ನೆ. ನ್ಯಾಯವಾದ ಪ್ರಶ್ನೆ.

ಹಗರೆ ದಾಟುವ ಹೊತ್ತಿಗೆ ವಿದ್ಯಾರ್ಥಿನಿ ಮೆಲ್ಲಗೆ ಬಾಯಿ ಬಿಟ್ಟಳು. ಬೆಂಗಳೂರಿನಲ್ಲಿ ಕಾಂಕ್ರೀಟಿನ ರಾಸಾಯನಿಕಗಳನ್ನು ತಯಾರಿಸುವ ಕಂಪನಿಯೊಂದು ಅವಳನ್ನು ಕರೆದಿದೆ. ಸಂಬಳ ಸಂಶೋಧನೆಗೆ ಸಿಗುವ ಫೆಲೋಶಿಪ್‌ಗಿಂತ ಎಷ್ಟೋ ಹೆಚ್ಚು. ಅಪ್ಪ ಕಡೂರಿನಲ್ಲಿ ತೆಂಗಿನ ತೋಟ ನೋಡಿಕೊಂಡಿದ್ದಾರೆ, ತಮ್ಮನ ಓದು ಬಾಕಿ ಇದೆ. "ಏನು ಮಾಡಲಿ ಮೇಡಂ?" ಎಂದಳು.

ಈ ಪ್ರಶ್ನೆಗೆ ನಾನು ಹಾರಿಕೆಯ ಉತ್ತರ ಕೊಡುವುದಿಲ್ಲ. ಕಿರಿಯ ಸಂಶೋಧಕರ ಫೆಲೋಶಿಪ್ 2023ರ ಜನವರಿಯಿಂದ 31,000ದಿಂದ 37,000 ರೂಪಾಯಿಗೆ ಏರಿತು, ಹಿರಿಯ ಹಂತಕ್ಕೆ 42,000. ಮೊತ್ತ ಹೀನಾಯವಲ್ಲ. ಆದರೆ ಅದು ತಿಂಗಳಿಗೆ ಸರಿಯಾಗಿ ಕೈಸೇರಬೇಕಲ್ಲ! ಇವಳ ಹಣ ತಿಂಗಳುಗಟ್ಟಲೆ ತಡವಾಗಿ, ಕಂತು ಕೂಡಿ ಬರುತ್ತಿತ್ತು. ಬಾಡಿಗೆಯ ಕೋಣೆಯ ಯಜಮಾನರು ಅಷ್ಟು ದಿನ ಕಾಯುವುದಿಲ್ಲ. ಯಾವ ಫೆಲೋಶಿಪ್ಪೂ ಇಲ್ಲದೆ, ಪಾಠ ಮಾಡುತ್ತಾ ರಾತ್ರಿ ಪ್ರಯೋಗ ನಡೆಸುವವರು ನಮ್ಮ ಜಿಲ್ಲೆಗಳ ಕಾಲೇಜುಗಳಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಹಸಿರು ತಂತ್ರಜ್ಞಾನ ಬೇಕು ಎಂದು ಸಭೆಗಳಲ್ಲಿ ಹೇಳುವವರು ಮೊದಲು ಅದನ್ನು ಮಾಡುವ ಹುಡುಗ ಹುಡುಗಿಯರಿಗೆ ಒಂದನೇ ತಾರೀಕಿಗೆ ಹಣ ತಲುಪುವಂತೆ ನೋಡಿಕೊಳ್ಳಲಿ. ನಾನು ಅವಳಿಗೆ ಹೇಳಿದ್ದು ಇಷ್ಟೇ: ಕಂಪನಿಗೆ ಹೋಗುವುದು ಸಂಶೋಧನೆ ಬಿಟ್ಟಂತಲ್ಲ, ಪ್ರಬಂಧವನ್ನು ಮಾತ್ರ ಕೈಬಿಡಬೇಡ.

ಕ್ಯೂರಿಂಗ್ ವರ್ಕ್ಸ್ ತಲುಪಿದಾಗ ಹಂಗಾಮಿನ ಭರಾಟೆ ಇನ್ನೂ ಇಳಿದಿರಲಿಲ್ಲ. ಒಂದು ಕಡೆ ಹೊಟ್ಟು ಬಿಡಿಸುವ ಹಲ್ಲರ್ ಯಂತ್ರದ ಸದ್ದು, ಇನ್ನೊಂದು ಕಡೆ ಸಾಲಾಗಿ ಕೂತು ಕಾಫಿ ಬೀಜ ಆರಿಸುತ್ತಿದ್ದ ಹೆಂಗಸರು. ಹಿತ್ತಲಿನಲ್ಲಿ ಹೊಟ್ಟಿನ ಎರಡು ರಾಶಿ. ತೋಟದಲ್ಲಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್‌ಗೆ ಹಾಕಿ, ತೊಳೆದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿಯ ಹೊಟ್ಟು ತೆಳ್ಳಗೆ, ಹುಲ್ಲಿನ ಬಣ್ಣಕ್ಕೆ, ಗಾಳಿಗೆ ಸಿಕ್ಕಿದರೆ ಹಾರಿಹೋಗುವಷ್ಟು ಹಗುರ. ಹಣ್ಣನ್ನು ಇಡಿಯಾಗಿ ಕಣದಲ್ಲಿ ಒಣಗಿಸಿದ ಚೆರ್ರಿಯ ಹೊಟ್ಟು ಕಪ್ಪು ಕಂದು, ತಿರುಳು ಅಂಟಿಕೊಂಡು ಒರಟಾಗಿರುತ್ತದೆ. ಗೌಡರು ನಮಗೆ ಕಳಿಸಿದ್ದು ಚೆರ್ರಿಯ ಹೊಟ್ಟಿನ ಬೂದಿ. ಮಳೆಗೆ ಸಿಕ್ಕಿ ತೇವವಾಗಿ ಬಂದ ಕಾಫಿಯನ್ನು ಒಣಗಿಸುವ ಡ್ರೈಯರ್‌ನ ಕುಲುಮೆಗೆ ಅವರು ಅದನ್ನೇ ಉರುವಲು ಮಾಡುತ್ತಾರೆ.

ಗೌಡರು ಕಾಫಿ ಕೊಟ್ಟು, ವರದಿಯನ್ನು ಪಕ್ಕಕ್ಕಿಟ್ಟು, "ಬಾಯಲ್ಲೇ ಹೇಳಮ್ಮ, ಆಗುತ್ತದೋ ಇಲ್ಲವೋ?" ಎಂದರು.

"ಇಲ್ಲ ಗೌಡರೇ" ಎಂದೆ.

ವಿವರಿಸಿದ್ದು ವಿದ್ಯಾರ್ಥಿನಿಯೇ. ಅವರ ಬೂದಿಯಲ್ಲಿ ಸಿಲಿಕಾ ಅತ್ಯಲ್ಪ, ಪೊಟ್ಯಾಷಿಯಂದೇ ದೊಡ್ಡ ಪಾಲು. ಕಲ್ಲಿದ್ದಲು ಸುಟ್ಟಾಗ ಸಿಗುವ, ಕಾಂಕ್ರೀಟಿಗೆ ಬಳಸುವ ಹಾರುಬೂದಿಗೆ ಇರುವ ಭಾರತೀಯ ಮಾನಕ ಐಎಸ್ 3812, ಸೋಡಿಯಂ ಪೊಟ್ಯಾಷಿಯಂಗಳ ಒಟ್ಟು ಕ್ಷಾರ ನೂರಕ್ಕೆ ಒಂದೂವರೆ ಪಾಲು ಮೀರಬಾರದು ಎನ್ನುತ್ತದೆ. ಇವರ ಬೂದಿಯಲ್ಲಿ ಕ್ಷಾರ ಆ ಮಿತಿಯನ್ನು ಎಷ್ಟೋ ಮೀರಿದೆ. ಇನ್ನೂ ಒಂದು ಅಪಾಯವಿದೆ. ಪರೀಕ್ಷೆಗೆಂದು ಬೂದಿ ಬೆರೆಸಿ ಎರಕ ಹೊಯ್ದ ಕಾಂಕ್ರೀಟ್ ಕ್ಯೂಬುಗಳು ಏಳನೆಯ ದಿನ ಒಳ್ಳೆಯ ಬಲ ತೋರಿಸಿದವು, ಏಕೆಂದರೆ ಕ್ಷಾರ ಮೊದಮೊದಲು ಸಿಮೆಂಟಿನ ಕ್ರಿಯೆಯನ್ನು ಚುರುಕುಗೊಳಿಸುತ್ತದೆ. 28ನೆಯ ದಿನಕ್ಕೆ ಅದೇ ಕ್ಯೂಬುಗಳು ಬೂದಿಯಿಲ್ಲದವುಗಳಿಗಿಂತ ಹಿಂದೆ ಬಿದ್ದವು. ಏಳು ದಿನಕ್ಕೇ ಪರೀಕ್ಷೆ ನಿಲ್ಲಿಸಿದವರು ಚಪ್ಪಾಳೆ ತಟ್ಟಿಸಿಕೊಂಡು ಹೋಗಬಹುದು. ಕಟ್ಟಡದಲ್ಲಿ ವಾಸ ಮಾಡುವವರ ಗತಿ? ಜಲ್ಲಿಯಲ್ಲಿ ಕೆಲವು ಬಗೆಯ ಸಿಲಿಕಾ ಇದ್ದರೆ ಕ್ಷಾರ ಅದರೊಡನೆ ಸೇರಿ ಲೋಳೆಯಾಗುತ್ತದೆ. ಆ ಲೋಳೆ ನೀರಿನಲ್ಲಿ ನೆನೆದ ಕಾಮಕಸ್ತೂರಿ ಬೀಜದ ಹಾಗೆ ಉಬ್ಬಿ, ವರ್ಷಗಳ ಮೇಲೆ ಕಾಂಕ್ರೀಟನ್ನು ಒಳಗಿನಿಂದ ಸೀಳುತ್ತದೆ. ಒಡಿಶಾದ ಹಿರಾಕುಡ್ ಅಣೆಕಟ್ಟಿನಲ್ಲಿ ಇಂಥ ಕ್ರಿಯೆಯಿಂದ ಬಿರುಕು ಬಿಟ್ಟದ್ದು ನಮ್ಮ ಪಾಠಗಳಲ್ಲೇ ಬರುತ್ತದೆ. ಮಲೆನಾಡಿನ ಮಳೆಯಲ್ಲಿ ನೀರಿಗೆ ಬರವಿಲ್ಲ.

ಗೌಡರು ಕೇಳಿಸಿಕೊಂಡು, ಕುಲುಮೆ ನೋಡಿಕೊಳ್ಳುವವರನ್ನು ಕರೆಸಿದರು. ಅವರು ಏನೂ ಹೇಳದೆ ಹೋಗಿ, ಕುಲುಮೆಯ ಜಾಲರಿಯಿಂದ ಕೆರೆದು ತೆಗೆದ ಒಂದು ಗಟ್ಟಿಯನ್ನು ತಂದು ಮೇಜಿನ ಮೇಲಿಟ್ಟರು. ಮುಷ್ಟಿ ಗಾತ್ರ, ಬೂದು ಹಸಿರು ಬಣ್ಣ, ಮುರಿದ ಕಡೆ ಗಾಜಿನ ಹೊಳಪು, ಒಳಗೆಲ್ಲ ಗುಳ್ಳೆ ಒಡೆದ ತೂತುಗಳು. "ಈ ಹೊಟ್ಟು ಹಾಕಿದರೆ ದಿನಾ ಇದನ್ನು ಹಾರೆಯಿಂದ ಎಬ್ಬಿಸಬೇಕು, ಸೌದೆ ಹಾಕಿದಾಗ ಇಷ್ಟು ಬರುವುದಿಲ್ಲ" ಎಂದರು. ನನ್ನ ವಿದ್ಯಾರ್ಥಿನಿ ಅದನ್ನು ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಪೊಟ್ಯಾಷಿಯಂ ಹೆಚ್ಚಿದ್ದರೆ ಬೂದಿ ಬೇಗ ಕರಗುತ್ತದೆ, ಕರಗಿ ಜಾಲರಿಗೆ ಕಚ್ಚಿಕೊಳ್ಳುತ್ತದೆ. ನಮ್ಮ ಉಪಕರಣ ಅಂಕಿಯಲ್ಲಿ ಬರೆದುಕೊಟ್ಟದ್ದನ್ನೇ ಅವರು ಹಂಗಾಮಿಗೆ ಹಂಗಾಮು ಹಾರೆಯಲ್ಲಿ ಎಬ್ಬಿಸುತ್ತಾ ಬಂದಿದ್ದರು. ಆ ತುಂಡನ್ನು ಅವರ ಒಪ್ಪಿಗೆ ಪಡೆದು ಪ್ರಯೋಗಾಲಯಕ್ಕೆ ತಂದಿದ್ದೇವೆ.

"ಹಾಗಾದರೆ ಇಷ್ಟು ಕಾಲ ಮಾಡಿದ್ದು ವ್ಯರ್ಥವೇ?" ಎಂದು ಗೌಡರು ಕೇಳಿದರು. ಕಟುವಾಗಿ ಕೇಳಲಿಲ್ಲ, ನಿಜವಾಗಿ ತಿಳಿಯಬೇಕಿತ್ತು.

ಈ ಕಸುಬಿನ ಜೀವಾಳ ಇಲ್ಲಿದೆ ಎಂದು ನಾನು ನಂಬಿದ್ದೇನೆ. ಸಾಮಗ್ರಿಯ ಸಂಶೋಧಕರ ಕೆಲಸದಲ್ಲಿ ಮುಕ್ಕಾಲು ಪಾಲು ಯಾವುದು ಎಲ್ಲಿಗೆ ಸಲ್ಲದು ಎಂದು ಗಟ್ಟಿ ಮಾಡಿಕೊಳ್ಳುವುದರಲ್ಲೇ ಕಳೆಯುತ್ತದೆ. ತ್ಯಾಜ್ಯವೆಲ್ಲ ಇಟ್ಟಿಗೆಯಾಗುತ್ತದೆ, ಬೂದಿಯೆಲ್ಲ ಸಿಮೆಂಟಾಗುತ್ತದೆ ಎಂದು ಹೇಳುವ ಪ್ರಬಂಧಗಳಿಗೆ ಕೊರತೆಯಿಲ್ಲ. 'ಆಗಲಿಲ್ಲ' ಎಂದು ಬರೆದದ್ದನ್ನು ಅಚ್ಚು ಹಾಕುವ ನಿಯತಕಾಲಿಕಗಳು ವಿರಳ. ಬಡ್ತಿಗೆ ಎಣಿಸುವುದು ಅಚ್ಚಾದದ್ದನ್ನು ಮಾತ್ರ. ಇದು ಬದಲಾಗಲೇಬೇಕು. ಇವತ್ತು ಗೌಡರು ಆ ಬೂದಿಯನ್ನು ತಮ್ಮ ಹೊಸ ಗೋದಾಮಿನ ತಳಪಾಯಕ್ಕೆ ಹಾಕಿಸದೆ ಉಳಿದದ್ದು ಯಾವ ಪಟ್ಟಿಯಲ್ಲೂ ಬರುವುದಿಲ್ಲ. ಆದರೂ ಅದು ನಮ್ಮ ಕೆಲಸದ ಫಲ.

ಸಿಮೆಂಟಿಗೆ ಸಲ್ಲದ್ದು ತೋಟಕ್ಕೆ ಸಲ್ಲುತ್ತದೆ ಎಂಬುದನ್ನೂ ಹೇಳಿದೆವು. ನಮ್ಮ ದೇಶ ಬಳಸುವ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಎಂಬ ಪೊಟ್ಯಾಷಿಯಂ ಗೊಬ್ಬರ ಪೂರ್ತಿ ಹೊರದೇಶದಿಂದ ಬರುತ್ತದೆ. ಕಾಫಿ ಹಣ್ಣು ಮಣ್ಣಿನಿಂದ ಎಳೆದುಕೊಂಡ ಪೊಟ್ಯಾಷಿಯಂ ಈ ಬೂದಿಯಲ್ಲಿ ಕೂತಿದೆ. ಹುಳಿ ಮಣ್ಣಿಗೆ ಇದರ ಕ್ಷಾರವೂ ಒಳ್ಳೆಯದೇ. ಮಣ್ಣು ಪರೀಕ್ಷೆ ಮಾಡಿಸಿ ಅಳತೆ ನೋಡಿ ಹಾಕಬೇಕು, ಯೂರಿಯಾ ಜೊತೆ ಬೆರೆಸಬಾರದು. ಬೆರೆಸಿದರೆ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಗೌಡರು ಇದನ್ನು ಮಾತ್ರ ತಮ್ಮ ರೈಟರನ್ನು ಕರೆದು ಬರೆಸಿಕೊಂಡರು.

ಇನ್ನೊಂದು ರಾಶಿ, ಪಾರ್ಚ್‌ಮೆಂಟಿನದು, ನಮ್ಮ ಗಮನ ಸೆಳೆದದ್ದು ಆಮೇಲೆ. ಅದರಲ್ಲಿ ಬೂದಿಯಾಗುವ ಅಂಶ ತೀರಾ ಕಡಿಮೆ. ಬಹುಪಾಲು ಸೆಲ್ಯುಲೋಸ್, ಲಿಗ್ನಿನ್‌ಗಳು, ಮರದ ಪುಡಿಗೆ ಹತ್ತಿರ. ಅಂಟು ಸೇರಿಸಿ ಬಿಸಿಯಲ್ಲಿ ಒತ್ತಿದರೆ ಹಲಗೆಯಾಗಬಹುದು. ಸಿಮೆಂಟಿನೊಡನೆ ಹಲಗೆ ಮಾಡುವುದಾದರೆ ಮೊದಲು ಬಿಸಿನೀರಿನಲ್ಲಿ ತೊಳೆಯಬೇಕು, ಏಕೆಂದರೆ ಉಳಿದ ಸಕ್ಕರೆಯ ಅಂಶ ಸಿಮೆಂಟನ್ನು ಗಟ್ಟಿಯಾಗಲು ಬಿಡುವುದಿಲ್ಲ.

ವಾಪಸಾಗುವಾಗ ಬಸ್ಸಿನಲ್ಲಿ ಮಾತು ಮತ್ತೆ ಕೆಲಸದ ಕಡೆಗೇ ಹೊರಳಿತು. ಸುಟ್ಟ ಜೇಡಿಮಣ್ಣು ಮತ್ತು ಸುಣ್ಣಕಲ್ಲಿನ ಪುಡಿ ಬೆರೆಸಿ ಕ್ಲಿಂಕರನ್ನು ಅರ್ಧಕ್ಕೆ ಇಳಿಸುವ ಸಿಮೆಂಟಿನ ಬಗ್ಗೆ ಅವಳಿಗೆ ಹೇಳಿದೆ. ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಕ್ಯಾರೆನ್ ಸ್ಕ್ರಿವೆನರ್ ಅವರ ತಂಡ, ಇಲ್ಲಿ ದೆಹಲಿ ಮತ್ತು ಮದ್ರಾಸಿನ ಐಐಟಿಗಳವರು ವರ್ಷಗಟ್ಟಲೆ ದುಡಿದ ಮೇಲೆ, 2023ರಲ್ಲಿ ನಮ್ಮಲ್ಲಿ ಅದಕ್ಕೆ ಐಎಸ್ 18189 ಎಂಬ ಮಾನಕ ಬಂತು. ಅಷ್ಟು ಕಾಲ ಅದರಲ್ಲಿ ತೊಡಗಿದ್ದವರಲ್ಲಿ ಎಷ್ಟೋ ಮಂದಿ ಇವಳಂಥ ವಿದ್ಯಾರ್ಥಿಗಳೇ. ಈಗ ಯುರೋಪು ತಾನು ತರಿಸಿಕೊಳ್ಳುವ ಸಿಮೆಂಟು, ಉಕ್ಕು, ಅಲ್ಯೂಮಿನಿಯಂಗಳಿಗೆ ಇಂಗಾಲದ ಲೆಕ್ಕ ಕೇಳುತ್ತಿದೆ. ಇಲ್ಲಿಯ ಕಾರ್ಖಾನೆಗಳಿಗೂ ಆ ಲೆಕ್ಕ ಬಲ್ಲ ಎಂಜಿನಿಯರುಗಳು ಬೇಕಾಗಿದ್ದಾರೆ. ಸಿಮೆಂಟ್ ಕಂಪನಿಗಳ ಪ್ರಯೋಗಾಲಯ, ಹರಿಯಾಣದ ಬಲ್ಲಭಗಢದ ರಾಷ್ಟ್ರೀಯ ಸಿಮೆಂಟ್ ಮತ್ತು ಕಟ್ಟಡ ಸಾಮಗ್ರಿ ಮಂಡಳಿ, ಪರೀಕ್ಷಾ ಕೇಂದ್ರಗಳು, ಎಲ್ಲ ಕಡೆ ಬಾಗಿಲಿದೆ. ಹಾಸನದಲ್ಲಿ, ಚಿಕ್ಕಮಗಳೂರಿನಲ್ಲಿ ಇಲ್ಲ ಎಂಬುದೇ ನನ್ನ ಕೊರಗು. ಹೊಟ್ಟು ಇಲ್ಲಿ ಬೀಳುತ್ತದೆ, ಅದನ್ನು ಬಲ್ಲವರು ಇನ್ನೆಲ್ಲೋ ದುಡಿಯುತ್ತಾರೆ.

ಅವಳು ಕಂಪನಿಗೆ ಸೇರಿದಳು. ಪ್ರಬಂಧವನ್ನು ಬಿಟ್ಟಿಲ್ಲ, ಶನಿವಾರ ಬರುತ್ತಾಳೆ. 'ಆಗುವುದಿಲ್ಲ' ಎಂಬ ಅಧ್ಯಾಯವನ್ನು ಮೊಟಕು ಮಾಡದೆ ಪೂರ್ತಿ ಬರೆಯುತ್ತಿದ್ದಾಳೆ. ಗೌಡರು ಎರಡು ಹೊಟ್ಟುಗಳನ್ನು ಬೇರೆ ಬೇರೆ ಚೀಲದಲ್ಲಿ ತುಂಬಿಸಲು ಹೇಳಿದ್ದಾರೆ. ಪಾರ್ಚ್‌ಮೆಂಟಿನ ಮೊದಲ ಹಲಗೆಗಳು ತಯಾರಾದ ಮೇಲೆ ಜೂನ್ ಮಳೆಯಲ್ಲಿ ಅವರ ಗೋದಾಮಿನ ಹೊರಗೋಡೆಗೇ ಒರಗಿಸಿಟ್ಟು, ನೀರು ಕುಡಿದು ಎಷ್ಟು ಊದುತ್ತವೆ ಎಂದು ಅಳೆಯುವುದೆಂದು ಮಾತಾಗಿದೆ. ಅಳತೆ ತೆಗೆದುಕೊಳ್ಳುವ ಹೊಣೆಯನ್ನು ಕುಲುಮೆಯವರು ವಹಿಸಿಕೊಂಡಿದ್ದಾರೆ.