ನವಾಹೋ ಪದಪಟ್ಟಿ, ಆರನೇ ವಾರ: ಕಳೆದುಹೋದ ನಾಯಿ ಸಿಕ್ಕಿತು

ಎರಡು ಭಾಷೆಗಳ ನಂಟು ನೋಡಲು ಪದಗಳನ್ನು ಪಕ್ಕಪಕ್ಕ ಜೋಡಿಸುತ್ತಿರುವ ನನ್ನ ಪಟ್ಟಿ 84 ಪದಕ್ಕೆ ಬಂದಿದೆ. ಒಂದು ಕಾಲಮ್ಮಿನಲ್ಲಿ ನವಾಹೋ, ಅಂದರೆ ಅಮೆರಿಕದ ಅರಿಝೋನಾ, ನ್ಯೂ ಮೆಕ್ಸಿಕೋ ಕಡೆಯ ಒಣ ಸೀಮೆಯ ಮಾತು. ಇನ್ನೊಂದರಲ್ಲಿ ಚಿಪೆವಯನ್, ಉತ್ತರ ಕೆನಡಾದ ಹಿಮದ ನಾಡಿನದು. ಇಷ್ಟು ದೂರದ ಎರಡೂ ಅಥಬಾಸ್ಕನ್ ಅನ್ನುವ ಒಂದೇ ಮನೆತನದವು.

ಕಲ್ಲಿಗೆ ನವಾಹೋದಲ್ಲಿ ತ್ಸೇ, ಚಿಪೆವಯನ್‌ನಲ್ಲಿ ತ್ಥೇ. ತಲೆ, ಮೂಳೆಯಲ್ಲೂ ಇದೇ ಕಥೆ, ಅಲ್ಲಿ ತ್ಸ ಇದ್ದಲ್ಲಿ ಇಲ್ಲಿ ತ್ಥ. ನಮ್ಮ ಹಾಲು, ಹಲ್ಲು, ಹಾವು ತಮಿಳಿನಲ್ಲಿ ಪಾಲ್, ಪಲ್, ಪಾಂಬು ಅಲ್ವಾ, ಹಾಗೆ. ಹೀಗೆ ಪದಪದದಲ್ಲೂ ಒಂದೇ ಬದಲಾವಣೆ ಕಂಡರೆ ಮಾತ್ರ ನಂಟು, ಸುಮ್ನೆ ಒಂದೆರಡು ಪದ ಹೋಲಿದರೆ ಲೆಕ್ಕಕ್ಕಿಲ್ಲ.

ನಾಯಿಯ ಸಾಲು ಮಾತ್ರ ಮೂರು ವಾರ ಸತಾಯಿಸಿತು. ಚಿಪೆವಯನ್‌ನಲ್ಲಿ ಅದು ಹ್ಲೀ. (ನಾಲಿಗೆಯ ಪಕ್ಕದಿಂದ ಗಾಳಿ ಬಿಟ್ಟು ಹೇಳುವ ಲ ಅದು, ನಮ್ಮ ಲಿಪಿಯಲ್ಲಿ ಇಷ್ಟೇ ಸಾಧ್ಯ.) ನವಾಹೋದಲ್ಲಿ ನಾಯಿಗೆ ಬೇರೆಯೇ ಉದ್ದದ ಹೆಸರು. ಹೊಂದುವುದಿಲ್ಲ ಅಂತ ಕೆಂಪು ಬಣ್ಣ ಬಳಿದುಬಿಟ್ಟಿದ್ದೆ. ಈ ಭಾನುವಾರ ಕುದುರೆಯ ಸಾಲು ತುಂಬುತ್ತಿದ್ದಾಗ ನೋಡಿದರೆ, ನವಾಹೋದಲ್ಲಿ ಹ್ಲೀ ಅಂದರೆ ಕುದುರೆ! ಸ್ಪೇನಿನವರ ಜೊತೆ ಕುದುರೆ ಬಂತು, ನಾಯಿಯ ಹೆಸರನ್ನು ಕಿತ್ತುಕೊಂಡಿತು. ಪಾಪ, ನಾಯಿಗೆ ಹಳೇ ಹೆಸರಿಗೇ ಹೇಲು ಅನ್ನುವ ಪದ ಅಂಟಿಸಿ ಕೊಟ್ಟರು. ನಮ್ಮಲ್ಲೂ ಅಮೆರಿಕದಿಂದ ಬಂದ ಕಾಯಿ ಮೆಣಸಿನ ಹೆಸರು ಹೊತ್ತುಕೊಂಡಿತು, ಮೊದಲಿದ್ದ ಮೆಣಸು ಕರಿಮೆಣಸಾಗಬೇಕಾಯಿತು.

ಇಂಥ ಪದಗಳನ್ನೇ ಹಿಡಿದು ಭಾಷಾವಿಜ್ಞಾನಿ ಎಡ್ವರ್ಡ್ ಸಪೀರ್ 1936ರಲ್ಲಿ ನವಾಹೋ ಉತ್ತರದಿಂದ ಬಂದ ಮಾತು ಅಂತ ವಾದಿಸಿದರು. ಸೋರೆ ಬುರುಡೆಯ ಸೌಟಿಗೆ ಇರುವ ಪದ ಮೊದಲು ಪ್ರಾಣಿಯ ಕೊಂಬಿನದು. ಮೆಕ್ಕೆಜೋಳಕ್ಕೆ ಇರುವ ಹೆಸರಿನ ಅರ್ಥ 'ಪರರ ಊಟ'. ನನಗೆ ಜಾಸ್ತಿ ಹಿಡಿಸಿದ್ದು ಬೀಜ ಚೆಲ್ಲುವುದಕ್ಕೆ ಬಳಸುವ ಕ್ರಿಯಾಪದ. ಅದರೊಳಗೆ ಹಿಮ ಅನ್ನುವ ಪದ ಅಡಗಿದೆ. ಬೇಸಾಯವನ್ನು ಆಮೇಲೆ ಕಲಿತವರು ಹೊಲದಲ್ಲಿ ಬಿದ್ದ ಬೀಜದಲ್ಲಿ ಹಿಮದ ಹಳಕು ಕಂಡಿರಬೇಕು.

ಒಂದು ಎಚ್ಚರಿಕೆಯನ್ನು ಪಟ್ಟಿಯ ತಲೆಯಲ್ಲೇ ಬರೆದಿಟ್ಟಿದ್ದೇನೆ: ಇದು ಮಾತು ಬಂದ ದಾರಿ, ಪ್ರತಿ ಮನೆಯವರೂ ಬಂದ ದಾರಿಯಲ್ಲ. ನವಾಹೋಗಳಲ್ಲಿ ಹೆಮೆಸ್ ಪುವೆಬ್ಲೊ (ಅಲ್ಲಿನ ಬೇರೆ ಮೂಲನಿವಾಸಿಗಳ ಊರು) ಮೂಲದ ಬೆಡಗೂ, ಅಂದರೆ ಕುಲವೂ, ಇದೆ. ಕೆಳಗಿನ ಲೋಕಗಳನ್ನು ದಾಟಿ ಈ ನೆಲಕ್ಕೆ ಮೇಲೆದ್ದು ಬಂದೆವು ಅನ್ನುವುದು ನವಾಹೋಗಳದೇ ಕಥೆ. ಅದಕ್ಕೆ ನನ್ನ ಕಾಲಮ್ಮುಗಳಲ್ಲಿ ಜಾಗವಿಲ್ಲ, ಹಾಗಂತ ಅದು ಸುಳ್ಳು ಅನ್ನಲು ನಾನ್ಯಾರು.

ದುಡ್ಡಿನ ಸಾಲು ತೆಗೆದೆ. ನವಾಹೋದ 'ಬೇಸೊ' ಸ್ಪ್ಯಾನಿಷ್ 'ಪೆಸೊ'ದಿಂದ ಎರವಲು ಬಂದದ್ದು, ಮನೆತನದ ಪದವಲ್ಲ. ಈಗ 83. ಮುಂದಿನ ವಾರ ಅದೇ ಮನೆತನದ ಅಪಾಚೆ ಮಾತಿನ ಕಾಲಮ್ಮು.