ಕಡ್ಮತ್‌ನಲ್ಲಿ ಒಬ್ಬರು ತುಳು ಮಾತಾಡಿದರು

ಲಕ್ಷದ್ವೀಪಕ್ಕೆ ಯಾಕೆ ಹೋಗಬೇಕು ಅಂತ ಕೇಳಿದವರಿಗೆಲ್ಲ ನಾನು ಇದೊಂದೇ ಕಥೆ ಹೇಳುತ್ತೇನೆ. ನೀಲಿ ನೀರಿನ ಫೋಟೊ ಎಲ್ಲರ ಮೊಬೈಲ್‌ನಲ್ಲೂ ಇದೆ, ಅದನ್ನು ನಾನು ಬೇರೆ ತೋರಿಸಬೇಕಾಗಿಲ್ಲ.

ಮಂಗಳೂರಿನವನಾದರೂ ಕೊಚ್ಚಿಗೆ ಹೋಗಿ ಹಡಗು ಹತ್ತಿದೆ. ಪರ್ಮಿಟ್ಟಿಗೆ ಅಲೆದದ್ದು, ರಾತ್ರಿಯಿಡೀ ವಾಂತಿ ಮಾಡಿದ್ದು ಬಿಡಿ. ಮರುದಿನ ಕಡ್ಮತ್ ದ್ವೀಪ ಕಂಡಿತು. ಸಮುದ್ರದ ಮೇಲೆ ಯಾರೋ ಹಸಿರು ಪೆನ್ಸಿಲಿನಲ್ಲಿ ಗೆರೆ ಎಳೆದ ಹಾಗೆ, ಅಷ್ಟೇ. ಉದ್ದ 8–9 ಕಿ.ಮೀ., ಅಗಲ ಜಾಸ್ತಿ ಅಂದರೆ ಅರ್ಧ ಕಿಲೋಮೀಟರ್.

ಹಡಗು ಹೊರಗೇ ನಿಂತಿತು. ಪಕ್ಕದ ಬಾಗಿಲು ತೆರೆದರು. ಕೆಳಗೆ ಸಣ್ಣ ದೋಣಿ ಏರುತ್ತಿತ್ತು, ಇಳಿಯುತ್ತಿತ್ತು. ಅದು ಮೇಲೆ ಬಂದ ಕ್ಷಣಕ್ಕೇ ಕಾಲಿಡಬೇಕು. ಇಬ್ಬರು ಹುಡುಗರು ನನ್ನ ಎರಡೂ ರಟ್ಟೆ ಹಿಡಿದು ಅಕ್ಕಿ ಮೂಟೆ ಇಳಿಸಿದ ಹಾಗೆ ಇಳಿಸಿದರು. ನನ್ನ ಹಿಂದಿದ್ದ ಅಜ್ಜಿಯೊಬ್ಬರು ಸಿಟಿ ಬಸ್ಸಿನಿಂದ ಇಳಿದಂತೆ ಸುಮ್ನೆ ಇಳಿದು ಕೂತರು. ಕೈಯಲ್ಲಿ ಚೀಲ ಬೇರೆ.

ಮಧ್ಯಾಹ್ನದವರೆಗೆ ಪಡುವಣ ದಿಕ್ಕಿನ ಲಗೂನಿನಲ್ಲಿ, ಅಂದರೆ ಹವಳದ ದಿಬ್ಬದ ಒಳಗಿನ ಆಳವಿಲ್ಲದ ನೀರಿನಲ್ಲಿ, ಈಜುವ ಕನ್ನಡಕ ಹಾಕಿಕೊಂಡು ತಲೆ ಮುಳುಗಿಸಿದ್ದೇ ಮುಳುಗಿಸಿದ್ದು. ಬೆನ್ನು ಸುಟ್ಟು ಹೋದದ್ದು ಗೊತ್ತೇ ಆಗಲಿಲ್ಲ. ಅಂಗಿ ತಾಗಿದರೆ ಉರಿ. ಹಾಗಾಗಿ ತೆಂಗಿನ ಮರದ ಕೆಳಗೆ ಮುಂದಕ್ಕೆ ಬಾಗಿ ಕೂತಿದ್ದೆ. ಎದುರು ಮನೆಯ ಹಿರಿಯರೊಬ್ಬರು ಬಂದು ಎಲ್ಲಿಯವನು ಅಂತ ಕೇಳಿದರು. ಅಲ್ಲಿಯ ಮಾತು ಜೆಸರಿ, ಮಲಯಾಳಂನ ನೆಂಟ. ನನ್ನ ಮುರುಕು ಮಲಯಾಳಂನಲ್ಲಿ ಮಂಗಳೂರು ಅಂದೆ.

ಅವರ ಮುಖವೇ ಬದಲಾಯಿತು. "ಒಣಸ್ ಆಂಡಾ?" ಅಂದರು!

ಸುತ್ತ ಬರೀ ಅರಬ್ಬಿ ಸಮುದ್ರ ಇರುವ ಜಾಗದಲ್ಲಿ ತುಳುವಿನಲ್ಲಿ ಊಟ ಆಯ್ತಾ ಅಂತ ಕೇಳಿದರೆ ಏನು ಹೇಳುವುದು? ಆಗಿರಲಿಲ್ಲ. ಒಳಗೆ ಕರೆದು ಅನ್ನ, ಒಣಗಿಸಿದ ಟ್ಯೂನಾ, ಅವರು ಮಾಸ್ ಅನ್ನುತ್ತಾರೆ, ತೆಂಗಿನಕಾಯಿ ಹಾಕಿದ್ದು ಬಡಿಸಿದರು. ಮರದ ತುಂಡಿನಷ್ಟು ಗಟ್ಟಿ ಮೀನು ಅದು. ಬೇಯಿಸಿ, ಹೊಗೆ ಕೊಟ್ಟು, ಬಿಸಿಲಿಗೆ ಹಾಕಿರುತ್ತಾರೆ. ಕೆತ್ತಿ ಪುಡಿ ಮಾಡಿದರೆ ಮಾತ್ರ ಬಾಯಿಗೆ ಬರುತ್ತದೆ.

ಊಟದ ನಡುವೆ ಕಥೆ. ಅಮಿನಿ, ಕಡ್ಮತ್, ಕಿಲ್ತಾನ್, ಚೆಟ್ಲಾತ್, ಬಿತ್ರಾ, ಈ ದ್ವೀಪಗಳೆಲ್ಲ 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಶಾಲೆಯಲ್ಲಿ ನನಗೆ ಯಾರೂ ಇದನ್ನು ಹೇಳಿರಲಿಲ್ಲ, ನಿಮಗೆ ಹೇಳಿದ್ದರಾ? ಅವರ ಅಪ್ಪ ಓಡಂ ಎಂಬ ಹಾಯಿ ದೋಣಿಯಲ್ಲಿ ಕೊಬ್ಬರಿ, ತೆಂಗಿನ ನಾರಿನ ಹುರಿ ತುಂಬಿಕೊಂಡು ಮಂಗಳೂರಿಗೆ ಹೋಗುತ್ತಿದ್ದರಂತೆ. ಬರುವಾಗ ಅಕ್ಕಿ. ಮಳೆಗಾಲದಲ್ಲಿ ಸಮುದ್ರ ಬಂದ್, ಹಾಗಾಗಿ ಅಷ್ಟರೊಳಗೆ ಅಕ್ಕಿ ಮನೆ ಸೇರಿರಬೇಕು. ಇವರೂ ಹುಡುಗನಾಗಿದ್ದಾಗ ಹೋಗಿದ್ದರು. ತುಳು ಕಲಿತದ್ದು ಬಂದರಿನ ಕೂಲಿಯವರ ಹತ್ತಿರ. ನೆನಪಿರುವುದು ಹತ್ತು ಹದಿನೈದು ಪದ, ಅದರಲ್ಲಿ ಅರ್ಧ ಬೈಗುಳ.

"ಬಂದರಿನ ಹಂಚಿನ ಮಾಡಿನ ಗೋದಾಮುಗಳು ಇನ್ನೂ ಇವೆಯಾ ಮೋನೇ?" ಅಂತ ಕೇಳಿದರು, ಮೋನೇ ಅಂದರೆ ಮಗನೇ. ಇವೆ ಅಂದೆ. ನಿಜ ಹೇಳಬೇಕೆಂದರೆ ನಾನು ಅತ್ತ ಹೋಗುವುದು ದಕ್ಕೆಗೆ ಮೀನು ತರಲಿಕ್ಕೆ ಮಾತ್ರ, ತಲೆ ಎತ್ತಿ ನೋಡಿದವನಲ್ಲ.

ರಾತ್ರಿ ಏನೋ ಕಮ್ಮಿ ಅನ್ನಿಸುತ್ತಿತ್ತು. ಆಮೇಲೆ ಹೊಳೆಯಿತು, ದ್ವೀಪದಲ್ಲಿ ನಾಯಿಗಳೇ ಇಲ್ಲ.

ಊರಿಗೆ ಬಂದ ಮೇಲೆ ಒಂದು ಭಾನುವಾರ ಹಳೇ ಬಂದರಿಗೆ ಹೋದೆ. ಮಂಜಿ ಎಂಬ ಸರಕಿನ ದೋಣಿಯೊಂದಕ್ಕೆ ಜಲ್ಲಿ, ಸಿಮೆಂಟು, ಈರುಳ್ಳಿ ಚೀಲ ತುಂಬುತ್ತಿದ್ದರು. ಎಲ್ಲಿಗೆ ಅಂತ ಕೇಳಿದೆ. ಮೂಟೆ ಹೊತ್ತವನು ನಿಲ್ಲದೆ ಹೇಳಿದ, "ಅಮಿನಿ, ಕಡ್ಮತ್."