ಅಮ್ಮನ ಗುರುವಾರ

ನಮ್ಮ ಕೆಳಗಿನ ಮನೆಯ ಅಜ್ಜಿಗೆ 78 ವರ್ಷ. ಒಬ್ಬರೇ ಇರುವುದು. ಗುರುವಾರ ಬಂತೆಂದರೆ ಅವರು ಮನೆಯಲ್ಲಿ ಸಿಗುವುದಿಲ್ಲ. ಚಕ್ರದ ವಾಕರಿನ ಬುಟ್ಟಿಗೆ ನೀರಿನ ಬಾಟ್ಲಿ, ಒಂದು ಸೇಬು, ಛತ್ರಿ ಹಾಕಿಕೊಂಡು ಬೆಳಗ್ಗೆಯೇ ಹೊರಟುಬಿಡುತ್ತಾರೆ. ಜರ್ಮನಿಯ ಮ್ಯೂನಿಕ್ ಸುತ್ತಮುತ್ತ ಕೆರೆ, ಬೆಟ್ಟ, ಹಳೆಯ ಪೇಟೆಗಳಿಗೆ ಲೆಕ್ಕವಿಲ್ಲ. ಬೆಳಗ್ಗೆ ಹೋಗಿ ಸಂಜೆಗೆ ವಾಪಸ್.

ಕಳೆದ ತಿಂಗಳು ಒಂದು ಗುರುವಾರ ನನಗೂ ರಜೆ ಇತ್ತು. "ಬರ್ತೀಯಾ?" ಎಂದು ಕೇಳಿದರು. ಹೊರಟೆ.

ಸ್ಟಾಪಿಗೆ ಬಸ್ಸು ಬಂತು. ಉಸ್ಸ್ ಎಂದು ಗಾಳಿ ಬಿಟ್ಟು ನಾವು ನಿಂತ ಕಡೆಗೆ ಮೆಲ್ಲ ವಾಲಿತು. ಮಠದ ಆನೆ ಮಾವುತನಿಗೆ ಮೊಣಕಾಲು ಬಗ್ಗಿಸುತ್ತದಲ್ಲ, ಹಾಗೆ. ಫುಟ್‌ಪಾತಿಗೂ ಬಸ್ಸಿನ ನೆಲಕ್ಕೂ ನಡುವೆ ನಾಲ್ಕು ಬೆರಳಿನ ಎತ್ತರವೂ ಉಳಿಯಲಿಲ್ಲ. ಅಜ್ಜಿ ವಾಕರ್ ತಳ್ಳಿಕೊಂಡು ಸೀದಾ ಒಳಗೆ ಹೋದರು. ಯಾರೂ ಕೈ ಕೊಡಲಿಲ್ಲ, ಕೊಡಬೇಕಾಗಿಯೂ ಇರಲಿಲ್ಲ. ವರ್ಷಗಳಿಂದ ಇದೇ ಬಸ್ಸಲ್ಲಿ ಓಡಾಡುತ್ತೇನೆ. ಆದರೆ ಆ ದಿನ ಮಾತ್ರ ಅದನ್ನು ಸರಿಯಾಗಿ ನೋಡಿದೆ.

ನಾವು ಹೋದದ್ದು ಕೀಮ್‌ಸೇ ಎಂಬ ದೊಡ್ಡ ಸರೋವರಕ್ಕೆ. ಪ್ರೀನ್ ಸ್ಟೇಷನ್ನಿಗೆ ರೈಲಿನಲ್ಲಿ ಸುಮಾರು ಒಂದು ಗಂಟೆ. ಇಬ್ಬರ ಹತ್ತಿರವೂ ಡಾಯ್ಚ್‌ಲಾಂಡ್ ಟಿಕೆಟ್ ಇತ್ತು. ಒಂದು ತಿಂಗಳ ಪಾಸ್ ಅದು. ದೇಶದ ಯಾವ ಊರಿನಲ್ಲಾದರೂ ಸಿಟಿ ಬಸ್ಸು, ಟ್ರಾಮ್, ಮೆಟ್ರೋ, ಲೋಕಲ್ ರೈಲು ಹತ್ತಬಹುದು. ವೇಗದ ರೈಲಿಗೆ ಮಾತ್ರ ಆಗುವುದಿಲ್ಲ. 2023ರ ಮೇ ತಿಂಗಳಲ್ಲಿ 49 ಯೂರೋಗೆ ಶುರುವಾಯಿತು. 2025ರಲ್ಲಿ 58 ಆಯಿತು, ಈಗ 63. ಏರುತ್ತಲೇ ಇದೆ ಎಂದು ಅಜ್ಜಿಗೆ ಸಿಟ್ಟು. ರೈಲು ಇಲ್ಲಿಯೂ ತಡವಾಗುತ್ತದೆ, ಅದಕ್ಕೂ ಸಿಟ್ಟು.

ಪ್ರೀನ್ ಸ್ಟೇಷನ್ನಿನಿಂದ ದೋಣಿಕಟ್ಟೆಗೆ 1887ರ ಒಂದು ಪುಟ್ಟ ರೈಲು ಬೇಸಿಗೆಯಲ್ಲಿ ಓಡುತ್ತದೆ. ನೋಡಲು ಬಹಳ ಚಂದ. ಆದರೆ ಅದಕ್ಕೆ ಮೆಟ್ಟಿಲು ಉಂಟು. ಅಜ್ಜಿ ಅದರ ಕಡೆಗೆ ತಿರುಗಿಯೂ ನೋಡದೆ ಬಸ್ಸು ಹಿಡಿದರು.

ದೋಣಿ ನಮ್ಮನ್ನು ಇಳಿಸಿದ್ದು ಫ್ರೌಎನ್‌ಇನ್ಸೆಲ್ ಎಂಬ ಸಣ್ಣ ದ್ವೀಪದಲ್ಲಿ. 782ರಲ್ಲಿ ಶುರುವಾದ ಸನ್ಯಾಸಿನಿಯರ ಮಠ ಅಲ್ಲಿದೆ. ಕಾರುಗಳಿಲ್ಲ. ಹೊಗೆಯಲ್ಲಿ ಬೇಯಿಸಿದ ಮೀನಿನ ವಾಸನೆ, ಗಂಟೆಯ ಸದ್ದು, ಸುತ್ತ ನೀರು. ಕಲ್ಲಿನ ಬೆಂಚಿನಲ್ಲಿ ಕೂತಾಗ ನನಗೆ ನಮ್ಮೂರ ಕಡೆಯ ವರಂಗ ನೆನಪಾಯಿತು. ಅಜ್ಜಿಗೆ ಹೇಳಿದೆ: ನಮ್ಮಲ್ಲೂ ಹೀಗೇ ಒಂದು ಕೆರೆ ಉಂಟು, ನಡುವೆ ಒಂದು ಜೈನ ಬಸದಿ, ನಾಲ್ಕು ದಿಕ್ಕಿಗೂ ಬಾಗಿಲು, ದೋಣಿಯಲ್ಲೇ ಹೋಗಬೇಕು, ಚಿಕ್ಕವನಿದ್ದಾಗ ಅಮ್ಮ ಕರೆದುಕೊಂಡು ಹೋಗಿದ್ದರು.

"ಹೌದಾ? ನಿನ್ನ ಅಮ್ಮ ಈಗ ಗುರುವಾರ ಎಲ್ಲಿಗೆ ಹೋಗ್ತಾರೆ?"

ಅಣ್ಣ ಕಾರು ತೆಗೆದುಕೊಂಡಿದ್ದಾನೆ, ಎಲ್ಲಿಗೆ ಬೇಕಾದರೂ ಕರೆದುಕೊಂಡು ಹೋಗುತ್ತಾನೆ ಎಂದೆ. ಹೆಮ್ಮೆಯಿಂದಲೇ ಹೇಳಿದೆ.

"ಅಂದರೆ, ಅವನಿಗೆ ರಜೆ ಇರುವಾಗ."

ಅವರು ಚುಚ್ಚಲಿಕ್ಕೆ ಹೇಳಿದ್ದಲ್ಲ. ಸೇಬು ಕತ್ತರಿಸುತ್ತಾ ಸುಮ್ನೆ ಅಂದರು. ನನಗೆ ಮಾತ್ರ ವಾಪಸ್ ಬರುವ ದಾರಿಯಿಡೀ ಬೇರೆ ಏನೂ ತಲೆಗೆ ಹೋಗಲಿಲ್ಲ.

ಯಾಕೆಂದರೆ ನಮಗೆ ಊರು ತೋರಿಸಿದ್ದೇ ಅಮ್ಮ, ಅದೂ ಬಸ್ಸಿನಲ್ಲಿ. ಅಪ್ಪನಿಗೆ ಅಂಗಡಿ ಬಿಟ್ಟು ಬರಲು ಆಗುತ್ತಿರಲಿಲ್ಲ. ಏಪ್ರಿಲ್, ಮೇ ರಜೆಯಲ್ಲಿ ಅಮ್ಮ ನಮ್ಮಿಬ್ಬರನ್ನೂ ಚಿಕ್ಕಮ್ಮನ ಮಕ್ಕಳನ್ನೂ ಕಟ್ಟಿಕೊಂಡು ಹೊರಡುತ್ತಿದ್ದರು. ಹಿಂದಿನ ರಾತ್ರಿಯೇ ಹಲಸಿನ ಎಲೆಯ ಕೊಟ್ಟೆ ಕಟ್ಟಿ ಇಡುವುದು, ಬೆಳಗ್ಗೆ ಎದ್ದು ಕಡುಬು ಬೇಯಿಸುವುದು. ಬ್ರಹ್ಮಾವರದಿಂದ ಹೆಬ್ರಿ ಬಸ್ಸು, ಹೆಬ್ರಿಯಿಂದ ಕಾರ್ಕಳದ ಬಸ್ಸು, ನಡುವೆ ವರಂಗದಲ್ಲಿ ಇಳಿಯುವುದು. ಇನ್ನೊಂದು ಸಲ ಕೊಲ್ಲೂರು. ಮತ್ತೊಂದು ಸಲ ಕಾರ್ಕಳದ ಗೊಮ್ಮಟ ಬೆಟ್ಟ. ಬಿಸಿಲಿಗೆ ಕಾದ ಬಂಡೆಯ ಮೆಟ್ಟಿಲುಗಳನ್ನು ಅಮ್ಮ ನಮಗಿಂತ ಮೊದಲು ಹತ್ತಿ ಮುಗಿಸುತ್ತಿದ್ದರು. 1432ರಲ್ಲಿ ನಿಲ್ಲಿಸಿದ ಮೂರ್ತಿ, 42 ಅಡಿ ಎತ್ತರ ಎಂದು ಪ್ರತಿ ಸಲವೂ ಹೇಳುವುದು. ಕರ್ಚೀಫಿನ ಗಂಟಿನಲ್ಲಿ ಬಸ್ಸಿನ ಚಿಲ್ಲರೆ, ವಾಪಸ್ ಬರುವುದಕ್ಕೆ ಬೇಕಾದಷ್ಟು ಬೇರೆಯೇ ಗಂಟು.

ನಮ್ಮ ಕಡೆಯ ಬಸ್ಸುಗಳ ಬಗ್ಗೆ ನನಗೆ ಈಗಲೂ ಅಭಿಮಾನ ಇದೆ. ಅವಿಭಜಿತ ದಕ್ಷಿಣ ಕನ್ನಡದಲ್ಲಿ ಖಾಸಗಿ ಬಸ್ಸು ಓಡಲು ಶುರುವಾಗಿ ನೂರು ವರ್ಷ ದಾಟಿದೆ. ಉಡುಪಿ ಮಂಗಳೂರಿನ ನಡುವೆ ಯಾರಾದರೂ ಟೈಮ್ ಟೇಬಲ್ ನೋಡುತ್ತಾರಾ? ಸ್ಟಾಪಿಗೆ ಹೋಗಿ ನಿಂತರೆ ಸಾಕು, ಬಸ್ಸು ಬಂತು. ಕಂಡಕ್ಟರ್ ಮಗುವನ್ನು ಎತ್ತಿ ಒಳಗೆ ಕೂರಿಸುತ್ತಾನೆ, ಅಕ್ಕಿ ಮೂಟೆಯನ್ನೂ ಹತ್ತಿಸುತ್ತಾನೆ. ಮ್ಯೂನಿಕ್‌ನಲ್ಲಿ ಆ ಸಲಿಗೆ ಎಲ್ಲಿ ಸಿಗುತ್ತದೆ?

ಆದರೆ ಅಮ್ಮನಿಗೆ ಈಗ 71. ಮೊಣಕಾಲು ನೋವು. ಆ ಬಸ್ಸಿನ ಮೊದಲ ಮೆಟ್ಟಿಲು ಅವರ ಮೊಣಕಾಲಿನಷ್ಟೇ ಎತ್ತರ. ಒಂದು ಕಾಲು ಮೆಟ್ಟಿಲ ಮೇಲೆ, ಇನ್ನೊಂದು ನೆಲದಲ್ಲಿ ಇರುವಾಗಲೇ ಸೀಟಿ ಕೇಳುತ್ತದೆ. "ದುಂಬು ಪೋಲೆ, ದುಂಬು ಪೋಲೆ." ತುಳುವಿನಲ್ಲಿ, ಮುಂದೆ ಹೋಗಿ ಎಂದು. ಹಿಂದಿನ ಬಸ್ಸು ಹತ್ತಿರ ಬಂದಿದೆ, ಡ್ರೈವರಿಗೂ ಅವಸರ. ಅವನದೇ ತಪ್ಪು ಎಂದು ನಾನು ಹೇಳುವುದಿಲ್ಲ, ಎರಡು ನಿಮಿಷ ತಡವಾದರೆ ಅವನ ಕಲೆಕ್ಷನ್ ಹೋಯಿತು. ಹೆದ್ದಾರಿ ಅಗಲವಾದ ಮೇಲೆ ಆಚೆ ಬದಿಯ ಸ್ಟಾಪಿಗೆ ದಾಟುವುದೇ ಒಂದು ಸಾಹಸ. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ. ನಮ್ಮ ಕಡೆ ಓಡುವುದು ಜಾಸ್ತಿ ಖಾಸಗಿ ಬಸ್ಸು. ಅದಿರಲಿ, ಅಮ್ಮನ ಕಷ್ಟ ಟಿಕೆಟಿನದ್ದಲ್ಲ. ಎಲ್ಲರೂ ಹತ್ತುವಂಥ ಬಸ್ಸು ಇರಬೇಕು ಎಂದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಬರೆದಿದೆ. ಅದು ನಮ್ಮ ಸ್ಟಾಪಿನ ತನಕ ಇನ್ನೂ ಬಂದಿಲ್ಲ.

ನಾವೇನು ಮಾಡಿದೆವು? ಕಾರು ತಂದೆವು. ಬಸ್ಸಿನ ಮೆಟ್ಟಿಲಿನ ಬಗ್ಗೆ ಒಂದು ಅರ್ಜಿಯನ್ನೂ ಬರೆಯಲಿಲ್ಲ, ಯಾರನ್ನೂ ಕೇಳಲಿಲ್ಲ. ಕಾರು ಇರುವ ಎಲ್ಲ ಮನೆಗಳಲ್ಲೂ ಹೀಗೇ ಆಗಿದೆ ಅಂತ ಕಾಣುತ್ತದೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಊರಲ್ಲಿ ಬೆಳಗಾಗುವುದನ್ನೇ ಕಾದು ಫೋನ್ ಮಾಡಿದೆ. ಈ ವರ್ಷ ಎಲ್ಲಿಗೆಲ್ಲ ಹೋದಿರಿ ಅಮ್ಮಾ ಎಂದು ಕೇಳಿದೆ.

"ಎಲ್ಲಿಗೆ ಹೋಗುದು ಮಗಾ? ಮೂರು ಮದುವೆ, ಒಂದು ಸಲ ಆಸ್ಪತ್ರೆ."

"ಅಣ್ಣನ ಹತ್ರ ಹೇಳಬಹುದಿತ್ತಲ್ಲ?"

"ಅವನಿಗೆ ಸಿಗುದು ಒಂದು ಆದಿತ್ಯವಾರ. ಅದರಲ್ಲಿ ನನ್ನನ್ನು ಕೆರೆ ನೋಡ್ಲಿಕ್ಕೆ ಕರ್ಕೊಂಡು ಹೋಗು ಅಂತ ಹೇಗೆ ಹೇಳುದು?"

ಕೆರೆ ಎಂಬ ಮಾತು ನಾನು ಎತ್ತಿರಲಿಲ್ಲ.

ಡಿಸೆಂಬರಿನಲ್ಲಿ ಬರುತ್ತೇನೆ, ಒಂದು ಗುರುವಾರ ನಾವಿಬ್ಬರೇ ವರಂಗಕ್ಕೆ ಹೋಗುವ ಎಂದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಹಿಂದೆ ಎಲ್ಲೋ ಕುಕ್ಕರ್ ಕೂಗುತ್ತಿತ್ತು.

"ಕಾರಿನಲ್ಲಾ?"

"ಬಸ್ಸಿನಲ್ಲಿ."

"ಹಾಗಾದ್ರೆ ಎದುರಿನ ಬಾಗಿಲಲ್ಲಿ ಹತ್ತುವ. ಹೆಬ್ರಿ ಬಸ್ಸಿನ ಹಿಂದಿನ ಮೆಟ್ಟಿಲು ಎತ್ತರ ಜಾಸ್ತಿ. ನಾನು ನೋಡಿಟ್ಟಿದ್ದೇನೆ."